ಉಪ್ಪಿನ ಗೆರೆ

ಹೊಳೆ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲೊಬ್ಬ ಗುರು. ಹೆಸರು ಮೌನಪ್ಪಯ್ಯ. ಹೆಸರಿಟ್ಟವರದ್ದೇನೂ ತಪ್ಪಿಲ್ಲ, ಗುರುವಿಗೆ ಮಾತು ಬರೋದಕ್ಕೆ ಮುಂಚೆಯೇ ಇಟ್ಟುಬಿಟ್ಟಿದ್ದರು.

ಆ ಆಶ್ರಮದಲ್ಲಿ ಅಡುಗೆಗೆ ಉಪ್ಪು ಹಾಕುತ್ತಿರಲಿಲ್ಲ. ಉಪ್ಪಿನ ಮಡಕೆ ಗುರುವಿನ ಮಗ್ಗುಲಲ್ಲೇ ಇರೋದು. ಊಟಕ್ಕೆ ಕೂತವನು ಅವತ್ತು ತನ್ನೊಳಗೆ ಹುಟ್ಟಿದ ಒಂದು ಪ್ರಶ್ನೆ ಕೇಳಬೇಕು. ಕೇಳಿದರೆ ಎಲೆಗೆ ಒಂದು ಚಿಟಿಕೆ ಉಪ್ಪು. ಇಲ್ಲದಿದ್ದರೆ ಸಪ್ಪೆ.

ಅಲ್ಲಿಗೆ ಹಾಲಪ್ಪ ಬಂದ. ಮೀಸೆ ನರೆಯೋ ವಯಸ್ಸು. ಏನು ಹೇಳಿದರೂ "ಗೊತ್ತು" ಅನ್ನೋ ಆಸಾಮಿ. ಮಳೆ ಬಂತು ಅಂದರೆ ಗೊತ್ತು. ನಿನ್ನ ಪಂಚೆಗೆ ಬೆಂಕಿ ಹತ್ತಿದೆ ಅಂದರೂ ಗೊತ್ತು.

ಎಲ್ಲ ಗೊತ್ತಿದ್ದವನಿಗೆ ಬೆಳಗಾಗೆದ್ದು ಮಾಡೋದಕ್ಕೇನಿದೆ? ಬಿಸಿ ಹೋಳಿಗೆ ಹಾಕಿದರೂ ಮೊನ್ನೆಯ ರೊಟ್ಟಿಯ ಹಾಗೆ ಅಗಿಯುತ್ತಿದ್ದ. ಹೆಂಡತಿ ಪಂಪವ್ವ ನೋಡಿ ನೋಡಿ ಸಾಕಾಗಿ, ಒಂದು ದಿನ ಬುತ್ತಿ ಕಟ್ಟಿ ಕೈಗೆ ಕೊಟ್ಟಳು.

"ಹೋಗಿ, ಆಶ್ರಮದ ಆ ಅಜ್ಜಯ್ಯನ ಹತ್ತಿರ ಇದ್ದು ಬನ್ನಿ. ತಿರುಗಿ ಬಂದಮೇಲೂ ಇದೇ ಗೊತ್ತು ಗೊತ್ತು ಅಂದರೆ ನಾನು ಚಿಲಕ ತೆಗೆಯೋಳಲ್ಲ."

"ಗೊತ್ತು," ಅಂದ ಹಾಲಪ್ಪ.

ಗುರುವಿನ ಎದುರು ಕೈ ಮುಗಿದು ನಿಂತ.

"ಅಯ್ಯಾ, ನನಗೆ ಯಾವುದೂ ರುಚಿಸುತ್ತಿಲ್ಲ. ದಿನವೆಲ್ಲ ಸಪ್ಪೆ. ಏನು ಮಾಡಲಿ?"

"ಊಟಕ್ಕೆ ಕೂತ್ಕೋ," ಅಂದರು ಮೌನಪ್ಪಯ್ಯ.

ಕೂತ. ಅನ್ನ ಬಂತು, ಸಾರು ಬಂತು. ಪ್ರಶ್ನೆಯ ಸರದಿಯೂ ಬಂತು.

"ಬ್ರಹ್ಮ ಅಂದರೇನು?" ಗಂಟಲು ಸರಿಮಾಡಿಕೊಂಡು ಕೇಳಿದ ಹಾಲಪ್ಪ.

ಮಡಕೆಯೊಳಗೆ ಹೋಗಿದ್ದ ಗುರುವಿನ ಕೈ ಅಲ್ಲೇ ನಿಂತಿತು.

"ಇದು ನಿನ್ನಲ್ಲಿ ಯಾವಾಗ ಹುಟ್ಟಿತು?"

"ಗುರುಗಳ ಹತ್ತಿರ ಹೋಗ್ತಿದೀನಲ್ಲ, ಒಂದು ಇರಲಿ ಅಂತ ದಾರಿಯಲ್ಲಿ ಜೋಡಿಸಿಕೊಂಡೆ."

"ಉತ್ತರ ಸಿಗದೆ ಹೋದರೆ ನಿದ್ದೆ ಬರುತ್ತಾ?"

"ಚೆನ್ನಾಗೇ ಬರುತ್ತೆ."

"ಹಾಗಾದರೆ ಸಪ್ಪೆ ತಿನ್ನು."

ಪಕ್ಕದಲ್ಲಿ ಅಡುಗೆಯ ದ್ಯಾಮಣ್ಣ ಕೂತಿದ್ದ. ಹೊಟ್ಟೆ ಅವನಿಗಿಂತ ಮೊದಲು ಪಂಕ್ತಿಗೆ ಬರೋದು.

"ಅಯ್ಯಾ, ಇವತ್ತು ಮಜ್ಜಿಗೆ ಕಡೀತಾ ಕಡೀತಾ ಕೈ ಬಿದ್ದುಹೋಯ್ತು, ಬೆಣ್ಣೆ ಸುಳಿವೇ ಇಲ್ಲ. ಆಮೇಲೆ ನೋಡಿದರೆ ದಬಕ್ ಅಂತ ಒಟ್ಟಿಗೇ ಬಂತು! ಸ್ವಲ್ಪ ಸ್ವಲ್ಪ ಯಾಕೆ ಬರಲ್ಲ ಅದು?"

ಗುರುವಿನ ಕಣ್ಣರಳಿತು. ದ್ಯಾಮಣ್ಣನ ಎಲೆಗೆ ಎರಡು ಚಿಟಿಕೆ ಬಿತ್ತು.

ಬ್ರಹ್ಮಕ್ಕೆ ಸಪ್ಪೆ, ಬೆಣ್ಣೆಗೆ ಎರಡು ಚಿಟಿಕೆ! ಹಾಲಪ್ಪನ ಹೊಟ್ಟೆ ಉರಿಯಿತು. ಮಾರನೇ ದಿನ ಮಾಯೆಯ ಬಗ್ಗೆ ಕೇಳಿದ. ಸಪ್ಪೆ. ಅದರ ಮಾರನೇ ದಿನ ಮೋಕ್ಷ. ಸಪ್ಪೆ. ಮೋಕ್ಷಕ್ಕೂ ಉಪ್ಪಿಲ್ಲದ ಊರಲ್ಲಿ ಮನುಷ್ಯ ಇನ್ನೇನು ತಾನೇ ಮಾಡಿಯಾನು?

ಕದ್ದ.

ಗುರು ಸ್ನಾನಕ್ಕೆ ಹೋದಾಗ ಮಡಕೆಗೆ ಕೈ ಹಾಕಿ, ಹರಳುಪ್ಪು ತೆಗೆದು, ಪಂಚೆಯ ಸೊಂಟದ ಗಂಟಿಗೆ ಸಿಕ್ಕಿಸಿಕೊಂಡ. ಆ ಆಶ್ರಮದಲ್ಲಿ ಬೇರೇನು ಕದ್ದರೂ ಬೈದು ಬಿಡುತ್ತಿದ್ದರು. ಉಪ್ಪು ಕದ್ದವನನ್ನು ಮಾತ್ರ ಹರಿಗೋಲು ಹತ್ತಿಸಿ ಹೊಳೆ ದಾಟಿಸುತ್ತಿದ್ದರು. ತಿರುಗಿ ಸೇರಿಸುತ್ತಿರಲಿಲ್ಲ. ಅತ್ತ ಹೋದರೆ ಮನೆಯಲ್ಲಿ ಪಂಪವ್ವನ ಚಿಲಕ.

ಅಷ್ಟರಲ್ಲಿ ಗುರುವಿನ ಕೂಗು.

"ಹಾಲಪ್ಪಾ, ಒಂದು ಕೊಡ ನೀರು ತಾರಪ್ಪ."

ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ದಿಣ್ಣೆ ಹತ್ತುವಾಗ ನೀರು ತುಳುಕಿತು, ಸರಿಯಾಗಿ ಗಂಟಿನ ಮೇಲೆಯೇ. ಕೊಡ ಇಳಿಸಿ ತಡವಿ ನೋಡಿದ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ. ಇಲ್ಲಿ ಉಪ್ಪೇ ನೀರು ಕುಡಿದು ಕೂತಿತ್ತು.

ಪಂಚೆ ಬಿಚ್ಚಿ ಬಂಡೆಯ ಮೇಲೆ ಹರವಿದ. ಟವೆಲು ಸುತ್ತಿಕೊಂಡು, ತನ್ನ ಹಣೆಬರಹವನ್ನು ಬೈಯುತ್ತಾ ಕುಕ್ಕರಗಾಲಲ್ಲಿ ಕೂತ.

ಬಿಸಿಲು ಚುರುಕಾಗಿತ್ತು. ಪಂಚೆ ಒಣಗಿತು. ಕೈಗೆತ್ತಿಕೊಂಡವನು ಹಾಗೇ ನಿಂತ.

ಒದ್ದೆಯಾಗಿದ್ದ ಜಾಗದ ಸುತ್ತ ಒಂದು ಬಿಳೀ ಗೆರೆ. ಯಾರೋ ಸುಣ್ಣದಲ್ಲಿ ಎಳೆದ ಹಾಗಿತ್ತು.

ಅತ್ತಿತ್ತ ನೋಡಿ, ಗೆರೆಯನ್ನು ನೆಕ್ಕಿದ. ಉಪ್ಪು! ನಡುವಿನ ಜಾಗ ನೆಕ್ಕಿದ. ಸಪ್ಪೆ.

ಗಂಟಿದ್ದದ್ದು ನಡುವೆ. ಉಪ್ಪು ಹೋಗಿ ಕೂತದ್ದು ಅಂಚಿಗೆ.

"ಯಾಕೆ?"

ಯಾರಪ್ಪಾ ಕೇಳಿದ್ದು ಅಂತ ಹಾಲಪ್ಪ ಹಿಂದಕ್ಕೆ ತಿರುಗಿ ನೋಡಿದ. ಯಾರೂ ಇರಲಿಲ್ಲ.

ಬೊಗಸೆ ನೀರು ತಂದು ಮತ್ತೆ ಅಲ್ಲಿಗೇ ಸುರಿದ. ಕಾದ. ಗೆರೆ ಇನ್ನೂ ಆಚೆಗೆ ಸರಿದಿತ್ತು. "ಎಲಾ ಇವನ!" ಅಂದ. ಮತ್ತೆ ಸುರಿದ. ಕೊಡ ತನ್ನ ಪಾಡಿಗೆ ಕಾಯುತ್ತಾ ಕೂತಿತ್ತು.

ಊಟದ ಗಂಟೆ ಹೊಡೆಯಿತು.

ಆಗ ಅವನಿಗೆ ಫಜೀತಿ ಹೊಳೆಯಿತು. ಇದನ್ನು ಕೇಳಿದರೆ ಕಳ್ಳತನ ಬಯಲು, ಹರಿಗೋಲು ಗ್ಯಾರಂಟಿ. ಕೇಳದಿದ್ದರೆ? ಸಪ್ಪೆ ಊಟ. ಅದೇನು ಬಿಡು, ಅಭ್ಯಾಸವಾಗಿದೆ. ಆದರೆ ಆ ಗೆರೆ ಯಾಕೆ ಬಂತು ಅಂತ ತಿಳಿಯದೆ ಇರೋದು ಹೇಗೆ?

ಪಂಕ್ತಿಗೆ ಬಂದ. ಮೈಮೇಲೆ ಟವೆಲು, ಕೈಯಲ್ಲಿ ಪಂಚೆ. ಎಲ್ಲರೂ ಕಿಸಕ್ಕೆಂದರು.

"ಏನೋ ಹಾಲಪ್ಪ, ಇವತ್ತು ಯಾವ ಮೋಕ್ಷ?" ಅಂದ ದ್ಯಾಮಣ್ಣ.

"ಅಯ್ಯಾ, ನಾನು ಉಪ್ಪು ಕದ್ದೆ."

ದ್ಯಾಮಣ್ಣನ ಕೈಯಿಂದ ಸೌಟು ಬಿತ್ತು.

"ಹರಿಗೋಲು ಹತ್ತಿಸ್ತೀರಲ್ಲ, ಹತ್ತಿಸಿ. ಅದು ಹಾಗಿರಲಿ. ಮೊದಲು ಇದನ್ನ ನೋಡಿ." ಹಾಲಪ್ಪ ಪಂಚೆಯನ್ನು ಗುರುವಿನ ಎದುರು ಹರವಿದ. "ಉಪ್ಪು ಇಟ್ಟದ್ದು ಇಲ್ಲಿ. ಕರಗಿದ್ದೂ ಇಲ್ಲೇ. ಒಣಗಿದಮೇಲೆ ಇದು ಅಂಚಿಗೆ ಯಾಕೆ ಓಡಿಹೋಯ್ತು? ಅಲ್ಲೇನು ಸಂತೆ ಇತ್ತಾ ಇದಕ್ಕೆ?"

ಗುರು ಬಗ್ಗಿದರು. ಗೆರೆಯನ್ನು ನೆಕ್ಕಿದರು. ನಡುವೆ ನೆಕ್ಕಿದರು. ಮತ್ತೆ ಗೆರೆ ನೆಕ್ಕಿದರು.

ಮೌನಪ್ಪಯ್ಯ ಹುಟ್ಟಿದಮೇಲೆ ಮೊದಲ ಸಲ ಹೆಸರಿಗೆ ತಕ್ಕ ಹಾಗೆ ಕೂತರು.

ಆಮೇಲೆ ದಡಕ್ಕನೆ ಎದ್ದರು.

"ನನಗೂ ಗೊತ್ತಿಲ್ಲ ಕಣೋ!"

ಅಂದವರೇ ಉಪ್ಪಿನ ಮಡಕೆಯನ್ನು ಎತ್ತಿ, ನೀರಿನ ಕೊಪ್ಪರಿಗೆಗೆ ಬೋರಲು ಹಾಕಿಬಿಟ್ಟರು.

"ಅಯ್ಯಾ! ನಮ್ಮ ಊಟದ ಉಪ್ಪು!" ದ್ಯಾಮಣ್ಣ ಬಾಯಿ ಬಡಿದುಕೊಂಡ.

"ಬಟ್ಟೆ ತನ್ರೋ! ದಪ್ಪದ್ದು, ತೆಳ್ಳಗಿರೋದು, ಎಲ್ಲ ತನ್ನಿ. ನನ್ನ ಶಲ್ಯನೂ ಅದ್ದಿ."

"ಅಲ್ಲಾ, ಕಳ್ಳನನ್ನ ಹೊಳೆ ದಾಟಿಸೋದು?"

"ಕದ್ದದ್ದನ್ನ ತಾನೇ ತಂದು ಎಲ್ಲರ ಮುಂದೆ ಹಾಸಿದವನು ಯಾವ ಸೀಮೆ ಕಳ್ಳನಯ್ಯಾ? ಹರಿಗೋಲು ಅಲ್ಲೇ ಇರಲಿ, ಎಲೆಗಳನ್ನ ಬಂಡೆ ಹತ್ತಿರಕ್ಕೆ ಎತ್ತಿಕೊಂಡು ನಡೀರಿ."

ಅವತ್ತು ಇಡೀ ಆಶ್ರಮ ಬಿಸಿಲಲ್ಲಿ ಕೂತು ಉಂಡಿತು. ಎದುರಿಗೆ ಬಂಡೆಯ ತುಂಬ ಒದ್ದೆ ಬಟ್ಟೆ. ಒಬ್ಬರ ಎಲೆಯಲ್ಲೂ ಉಪ್ಪಿಲ್ಲ. ಎಲ್ಲರೂ ಮುಖ ಹಿಂಡಿಕೊಂಡು ನುಂಗುತ್ತಿದ್ದರು.

ಹಾಲಪ್ಪ ಮಾತ್ರ ಗಬಗಬ ತಿನ್ನುತ್ತಿದ್ದ. ಕಣ್ಣು ಬಟ್ಟೆಯ ಮೇಲೆ. ಇನ್ನಷ್ಟು ಅನ್ನ ಹಾಕಿಸಿಕೊಂಡ, ಇನ್ನಷ್ಟು ಸಾರು.

"ನಮ್ಮ ಪಂಪವ್ವನ್ನ ಕೇಳಬೇಕು," ತುತ್ತಿನ ನಡುವೆಯೇ ಹೇಳಿದ. "ನನ್ನ ಬೆವರಿನ ಅಂಗಿ ಒಗೆಯೋಳು ಅವಳು. ಇಂಥಾ ಗೆರೆ ಎಷ್ಟು ನೋಡಿದಾಳೋ ಏನೋ! ಹೋದ ತಕ್ಷಣ ಬಾಗಿಲಲ್ಲೇ ಕೇಳ್ತೀನಿ."

ದ್ಯಾಮಣ್ಣ ಮೊಣಕೈಯಿಂದ ತಿವಿದ.

"ಏಯ್, ನೀನು ನುಂಗ್ತಿರೋದಕ್ಕೆ ಉಪ್ಪೇ ಇಲ್ಲ ಕಣೋ!"

"ಹೌದಾ?" ಅಂದ ಹಾಲಪ್ಪ. "ತಡಿ ತಡಿ... ಅಯ್ಯಾ, ನಿಮ್ಮ ಶಲ್ಯದ ಅಂಚು ಬೆಳ್ಳಗಾಗ್ತಿದೆ ನೋಡಿ!"

ದ್ಯಾಮಣ್ಣ ಇನ್ನೇನೋ ಹೇಳಲು ಬಾಯಿ ತೆರೆದ. ಗುರು ಅವನ ಭುಜದ ಮೇಲೆ ಕೈಯಿಟ್ಟರು.

"ಸುಮ್ಮನಿರೋ. ಅವನು ಇವತ್ತೇ ಮೊದಲು ಊಟ ಮಾಡ್ತಿರೋದು."