ಅಡ್ಡ ಎಳೆದ ಒಂದು ಗೆರೆ

"ಒಂದೇ ಒಂದು ಗೆರೆ ಸೇರಿಸಿದ್ದೀನಿ ಮೇಷ್ಟ್ರೇ. ಅಷ್ಟಕ್ಕೇ ಎಲ್ಲವನ್ನೂ ಮತ್ತೆ ತಿರುಗಿಸಿ ನೋಡಬೇಕಾ?" ಎಂದು ಭೂಮಿಕಾ ಕೇಳಿದಳು.

ವೀರಭದ್ರಾಚಾರ್ ಬಿಡಿಭಾಗಗಳ ನಕ್ಷೆ ಬರೆಯುವುದನ್ನು ಕಲಿಸುವ ಮೇಷ್ಟ್ರು. ಭೂಮಿಕಾ ಎರಡು ವರ್ಷದಿಂದ ಅವರ ಶಿಷ್ಯೆ. ಅವಳ ಕಂಪ್ಯೂಟರಿನಲ್ಲಿದ್ದದ್ದು ಏಣಿಯ ಮೆಟ್ಟಿಲಿಗೆ ಆಸರೆಯಾಗುವ ಒಂದು ತುಂಡು. ಕಾರ್ಖಾನೆಯವರು ಅಂಥ ನಾಲ್ಕು ಸಾವಿರ ಏಣಿ ಮಾಡುವವರಿದ್ದರು. ನಕ್ಷೆಗಾಗಿ ಬೆಳಗಿನಿಂದ ಮೂರು ಸಲ ಫೋನ್ ಮಾಡಿದ್ದರು. ಕಳಿಸುವ ಗುಂಡಿಯ ಮೇಲೆ ಅವಳ ಬೆರಳಿತ್ತು.

"ಬೆರಳು ತೆಗಿ," ಎಂದರು ಮೇಷ್ಟ್ರು. "ಕಾರ್ಖಾನೆ ಎಲ್ಲಿಗೂ ಓಡಿಹೋಗುವುದಿಲ್ಲ. ಒಂದು ಕತೆ ಕೇಳು."

ಒಬ್ಬ ನಕ್ಷೆಗಾರನಿದ್ದ. ಜಾಣ. ಜಾಣರಿಗೇ ಇಂಥದ್ದೆಲ್ಲ ಆಗುವುದು, ದಡ್ಡರು ಹೆದರಿಕೊಂಡು ಎರಡೆರಡು ಸಲ ನೋಡುತ್ತಾರೆ. ಅವನ ಬಳಿಗೆ ತೆಂಗಿನ ಮರ ಹತ್ತುವ ಒಬ್ಬ ಹೆಂಗಸು ಬಂದಳು. ಅವಳು ಹತ್ತುತ್ತಿದ್ದದ್ದು ಕಾಲಿಗೆ ಸಿಕ್ಕಿಸುವ ಯಂತ್ರದಿಂದ. ಎಡಗಾಲಿಗೊಂದು, ಬಲಗಾಲಿಗೊಂದು ಹಲಗೆ. ಎಡದ ಹಲಗೆಯ ಅಡಿಯಲ್ಲಿದ್ದ ಆಸರೆ ಮುರಿದಿತ್ತು. "ಗುರುವಾರ ಕೆರೆ ಹಿಂದಿನ ತೋಟದಲ್ಲಿ ಹತ್ತಬೇಕು. ಅಷ್ಟರೊಳಗೆ ಹೊಸದು ಮಾಡಿಸಿಕೊಡು," ಎಂದಳು. ಆಗಲಿ ಎಂದು ನಕ್ಷೆಗಾರ ಬರೆಯಲು ಕೂತ.

ಹೇಗೆ ಬರೆಯುತ್ತಾರೆಂದು ನಿನಗೆ ಗೊತ್ತು. ಆದರೂ ಹೇಳುತ್ತೇನೆ, ಗೊತ್ತಿರುವುದನ್ನೇ ಅಲ್ಲವೇ ನಾವು ಮರೆಯುವುದು? ಮೊದಲು ಪರದೆಯ ಮೇಲೆ ಚಪ್ಪಟೆ ಗೆರೆಗಳು. ಗೆರೆಗಳು ಸುತ್ತಲೂ ಕೂಡಿದರೆ ಒಳಗೊಂದು ಮನೆ, ಚೌಕಾಬಾರದ ಮನೆಯ ಹಾಗೆ. ಯಾವ ಮನೆಯನ್ನು ಆರಿಸಿ ಎತ್ತುತ್ತೀಯೋ ಅದಷ್ಟೇ ದಪ್ಪವಾಗಿ ಮೇಲೇಳುತ್ತದೆ. ಆರಿಸದ ಮನೆ ಬರೀ ಬಯಲು. ಅವನು ಸರಿಯಾಗಿಯೇ ಆರಿಸಿದ, ಸರಿಯಾಗಿಯೇ ಎತ್ತಿದ. ತಿರುಗಿಸಿಯೂ ನೋಡಿದ. ಗಟ್ಟಿಯಾಗಿತ್ತು.

ಸಂಜೆ ಆ ಹೆಂಗಸು ಮತ್ತೆ ಬಂದಳು. ಹಗ್ಗ ಸಿಕ್ಕಿಸಲು ಒಂದು ಕಚ್ಚು ಬೇಕು ಎಂದಳು. ಕಚ್ಚಿನ ಜಾಗದ ಗುರುತಿಗೆ ಅವನು ಆ ಮನೆಗೆ ಅಡ್ಡಲಾಗಿ ಒಂದು ಗೆರೆ ಎಳೆದ. ಒಂದೇ ಒಂದು, ನಿನ್ನ ಹಾಗೆ. ಒಂದು ಮನೆ ಎರಡಾಯಿತು. ಮೊದಲು ಆರಿಸಿದ್ದು ಒಂದು ಪಾಲಿಗೆ ಮಾತ್ರ ಅಂಟಿಕೊಂಡಿತು, ಇನ್ನೊಂದು ಪಾಲು ಸದ್ದಿಲ್ಲದೆ ಬಯಲಾಯಿತು. ಮೇಲಿನಿಂದ ನೋಡಿದರೆ ಗೆರೆಗಳೆಲ್ಲ ಇದ್ದ ಹಾಗೇ ಇದ್ದವು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿದರೇ? ಈ ಮಹಾನುಭಾವ ತಿರುಗಿಸಲೂ ಇಲ್ಲ, ನೋಡಲೂ ಇಲ್ಲ, ಕಳಿಸಿಯೇಬಿಟ್ಟ. "ಆನೆ ನಿಂತರೂ ಬಗ್ಗಲ್ಲ ಅಕ್ಕಾ," ಎಂದು ಮಾತು ಬೇರೆ ಕೊಟ್ಟ.

ಕೊರೆಯುವ ಯಂತ್ರ ನಕ್ಷೆಯಲ್ಲಿ ಎತ್ತಿದ್ದನ್ನಷ್ಟೇ ಕೊರೆಯಿತು. ಜೋಡಿಸಿದವನಿಗೆ ಆ ತುಂಡು ಎಷ್ಟು ದೊಡ್ಡದಿರಬೇಕೆಂದು ಏನು ಗೊತ್ತು? ಹಲಗೆಯ ಅಡಿಯಲ್ಲಿ ಕೂರಿಸಿ ತಿರುಪು ಬಿಗಿದ.

ಗುರುವಾರ ಬೆಳಿಗ್ಗೆ ನಕ್ಷೆಗಾರ ಬೇರೇನೋ ಹುಡುಕುತ್ತ ಅದೇ ನಕ್ಷೆಯನ್ನು ತೆರೆದ. ಕೈ ತಾಗಿ ಚಿತ್ರ ಪಕ್ಕಕ್ಕೆ ತಿರುಗಿತು. ಅರ್ಧ ಆಸರೆ ಇರಲೇ ಇಲ್ಲ.

ಹೆಂಗಸಿಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ, ಫೋನ್ ಮಾಡುತ್ತಲೇ ಕೆರೆ ಹಿಂದಿನ ತೋಟಕ್ಕೆ ಓಡಿದ. ಒಂದು ಮರದ ಬುಡದಲ್ಲಿ ಅವಳ ಚೀಲವಿತ್ತು, ಫೋನ್ ಅದರೊಳಗೆ ಬಡಿದುಕೊಳ್ಳುತ್ತಿತ್ತು. ತಲೆ ಎತ್ತಿ ನೋಡಿದ. ಐದಾಳೆತ್ತರದಲ್ಲಿ ಅವಳು. ಕಾಯಿ ಕೆಡವಿ ಮುಗಿಸಿ ಇಳಿಯಲು ಸಿದ್ಧಳಾಗಿದ್ದಳು. ಎಡದ ಹಲಗೆ ಆಗಲೇ ಒಂದು ಬೆರಳಷ್ಟು ವಾಲಿತ್ತು.

"ಅಕ್ಕಾ, ಎಡಗಾಲು ಊರಬೇಡಿ!"

ಅವಳು ಕೆಳಗೆ ನೋಡಿ ನಕ್ಕಳು. "ಆನೆ ನಿಂತರೂ ಬಗ್ಗಲ್ಲ ಅಂದೋನು ನೀನೇ ಅಲ್ವೇನಪ್ಪ?" ಎನ್ನುತ್ತ ಬಲಗಾಲು ಎತ್ತತೊಡಗಿದಳು. ಅದು ಎತ್ತಿದರೆ ಮೈಭಾರವೆಲ್ಲ ಎಡಕ್ಕೆ.

ನಕ್ಷೆಗಾರ ಕಂಪ್ಯೂಟರಿನ ತಪ್ಪು ಎಂದುಬಿಡೋಣ ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಅದನ್ನೆಲ್ಲ ಹೇಳಿ ಮುಗಿಸುವಷ್ಟು ಹೊತ್ತಿರಲಿಲ್ಲ. "ನೋಡದೆ ಅಂದೆ ಅಕ್ಕಾ! ನಾನು ನೋಡಲೇ ಇಲ್ಲ! ಅದರಲ್ಲಿ ಅರ್ಧ ಇಲ್ಲ!" ಎಂದು ಕಿರುಚಿದ.

ಎತ್ತಿದ ಕಾಲು ಅಲ್ಲೇ ನಿಂತಿತು. ಮೆಲ್ಲಗೆ ಮತ್ತೆ ಬಲದ ಹಲಗೆಗೇ ಇಳಿಯಿತು. ಅವಳು ಮರವನ್ನು ತಬ್ಬಿಕೊಂಡಳು. ಎಡಗಾಲನ್ನು ಬಿಡಿಸಿಕೊಂಡದ್ದೇ ತಡ, ಆ ಹಲಗೆ ಕಳಚಿ ನಕ್ಷೆಗಾರನ ಪಕ್ಕದಲ್ಲೇ ಧೊಪ್ಪೆಂದು ಬಿತ್ತು. ಅವಳು ಒಂಟಿಕಾಲಿನಲ್ಲೇ ನಿಂತು ಸೊಂಟದ ಟವೆಲ್ ಬಿಚ್ಚಿದಳು. ಅದನ್ನು ಎರಡೂ ಪಾದಕ್ಕೆ ಸುತ್ತಿ, ಉಳಿದ ಯಂತ್ರವನ್ನು ಅಲ್ಲೇ ಬಿಟ್ಟು, ಹಳೇ ಕಾಲದವರ ಹಾಗೆ ಜಾರಿಕೊಂಡು ಇಳಿದಳು.

ನೆಲಕ್ಕೆ ಬರುವಷ್ಟರಲ್ಲಿ ಅವಳ ತೋಳೆಲ್ಲ ತರಚಿ ರಕ್ತವಾಗಿತ್ತು. ಬಿದ್ದಿದ್ದ ಹಲಗೆಯನ್ನು ಎತ್ತಿ, ತಿರುವಿ, ಆಸರೆ ಇರಬೇಕಾದ ಜಾಗದಲ್ಲಿ ಬೆರಳಾಡಿಸಿದಳು.

"ಪರದೆ ಮೇಲೆ ಗೆರೆ ಇತ್ತಕ್ಕಾ," ಎಂದ ನಕ್ಷೆಗಾರ.

"ನಾನೇನು ಗೆರೆ ಮೇಲೆ ಕಾಲಿಡ್ತೀನೇನಪ್ಪ?" ಎಂದಳು ಅವಳು.

ಮೇಷ್ಟ್ರು ಕತೆ ನಿಲ್ಲಿಸಿದರು. ಭೂಮಿಕಾಳ ಮೇಜಿನ ಮೇಲೆ ಫೋನ್ ನಾಲ್ಕನೇ ಸಲ ಬಡಿದುಕೊಂಡಿತು. ಅವಳು ಅದನ್ನು ಮುಟ್ಟಲಿಲ್ಲ.

"ಸದ್ಯ, ಹೊತ್ತಿಗೆ ಸರಿಯಾಗಿ ಓಡಿಹೋದನಲ್ಲ ಮೇಷ್ಟ್ರೇ," ಎಂದಳು.

"ಅವನಿಗೆ ಯಾವ ಮರದ ಬುಡಕ್ಕೆ ಓಡಬೇಕೆಂದು ಗೊತ್ತಿತ್ತು, ನಿನ್ನ ನಾಲ್ಕು ಸಾವಿರ ಏಣಿಯಲ್ಲಿ ನೀನು ಯಾವುದರ ಬುಡಕ್ಕೆ ಓಡುತ್ತೀಯಮ್ಮಾ?"