ಹರಿಗೋಲಿನಲ್ಲಿ ಎಲ್ಲರೂ ನಾಯಕರು

ಬೇಸಿಗೆ ಬಂತೆಂದರೆ ಗುರುಪಾದಜ್ಜರ ಮಠದಲ್ಲಿ ಈಗ ಹೈಸ್ಕೂಲು ಮಕ್ಕಳದೇ ಗದ್ದಲ. ನಾಯಕತ್ವ ಶಿಬಿರ ಅಂತ ಅದಕ್ಕೆ ದೊಡ್ಡ ಹೆಸರು. ಶುರುವಾದದ್ದು ಮಾತ್ರ ಒಂದು ಫಜೀತಿಯಿಂದ.

ಅಜ್ಜರ ಶಿಷ್ಯ ಕೊಟ್ರೇಶಿಗೆ ಮಕ್ಕಳನ್ನು ಕಂಡರೆ ಪ್ರಾಣ. ಮಾತಾಡುವುದೆಂದರೆ ಅದಕ್ಕಿಂತ ಒಂದು ಕೈ ಹೆಚ್ಚು. ಹೊಳೆಯಾಚೆಯ ಊರಿನ ಹೆಡ್ ಮೇಡಂ ಸರ್ವಮಂಗಳಮ್ಮನವರ ಹಿಂದೆ ಬಿದ್ದು, ಕಾಡಿ ಬೇಡಿ, ಒಂಬತ್ತನೇ ಕ್ಲಾಸಿನ ಒಂದಿಷ್ಟು ಮಕ್ಕಳನ್ನು ಮಠಕ್ಕೆ ಕರೆತಂದಿದ್ದ. ಶಿಬಿರ ಮುಗಿಯುವ ದಿನ ದಡದಲ್ಲಿ ನಿಂತಿರುತ್ತೇನೆ, ಮಕ್ಕಳು ಏನು ಕಲಿತರೆಂದು ಕಣ್ಣಿಗೆ ಕಾಣಬೇಕು, ಕಾಣದಿದ್ದರೆ ಇನ್ನೊಮ್ಮೆ ಕೇಳಬೇಡಿ ಎಂದು ಮೇಡಂ ಖಡಾಖಂಡಿತವಾಗಿ ಹೇಳಿದ್ದರು.

ಕೊಟ್ರೇಶಿ ಬೆಳಗಿನಿಂದ ಬೈಗಿನವರೆಗೆ ಭಾಷಣ ಮಾಡಿದ. ನೀವೆಲ್ಲರೂ ನಾಯಕರು, ಯಾರಿಗೂ ಕಮ್ಮಿಯಿಲ್ಲ ಎಂದು ಹುರಿದುಂಬಿಸಿದ. ಕೊನೆಯ ದಿನ ಮಕ್ಕಳೇ ಹರಿಗೋಲು ನಡೆಸಿ ಆಚೆ ದಡ ಸೇರುವುದೆಂದು ಗೊತ್ತುಮಾಡಿ, ಒಬ್ಬೊಬ್ಬರ ಕೈಗೂ ಒಂದೊಂದು ಹುಟ್ಟು ಕೊಟ್ಟ. ನೀರು ಸೊಂಟದ ಮಟ್ಟ, ಪಕ್ಕದಲ್ಲೇ ಅಂಬಿಗ ನಡೆದು ಬರುತ್ತಿದ್ದ, ಹೆದರಿಕೆಯೇನೂ ಇರಲಿಲ್ಲ.

ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ, ದುಂಡನೆಯ ಬುಟ್ಟಿ. ಸುತ್ತ ಕೂತವರೆಲ್ಲ ತಮ್ಮ ತಮ್ಮ ಕಡೆಗೆ ಹುಟ್ಟು ಹಾಕಿದರೆ ಏನಾಗಬೇಕು? ಗಿರಗಿರ ತಿರುಗಿತು. ನಾನು ಹೇಳಿದ್ದು ಕೇಳು, ನೀನು ಕೇಳು ಎಂದು ಮಕ್ಕಳು ಜಗಳಕ್ಕೆ ಬಿದ್ದರು. ಆಚೆ ದಡದಲ್ಲಿ ಮೇಡಂ ಕೊಡೆ ಹಿಡಿದು ನೋಡುತ್ತಿದ್ದರು.

ಕೊಟ್ರೇಶಿಯ ಜೀವ ಬಾಯಿಗೆ ಬಂತು. ಎಡಕ್ಕೆ, ಬಲಕ್ಕೆ ಎಂದು ದಡದಿಂದಲೇ ಅರಚಿದ. ಅರಚಿದಷ್ಟೂ ಬುಟ್ಟಿ ಜೋರಾಗಿ ತಿರುಗಿತು.

ಪಕ್ಕದ ಬಂಡೆಯ ಮೇಲೆ ಅಜ್ಜ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಅಜ್ಜಾರೆ, ಶಿಬಿರ ಹೊಳೆಪಾಲಾಗ್ತಾ ಇದೆ. ಏನಾದರೂ ಮಾಡ್ರಿ."

"ಬಾಯಿ ತೆಗಿ."

ತೆಗೆದ. ಅಜ್ಜ ಸಂಚಿಯಿಂದ ಬೆಲ್ಲದ ದೊಡ್ಡ ಹೆಂಟೆಯೊಂದನ್ನು ತೆಗೆದು ಒಳಗೆ ತುರುಕಿದರು.

"ಕಡೀಬೇಡ. ಕರಗಲಿ."

ಕೊಟ್ರೇಶಿ ಕೈಸನ್ನೆಗೆ ಹೊರಟ. ಅಜ್ಜ ಆ ಕೈಯನ್ನೂ ಹಿಡಿದು ಕೂರಿಸಿಕೊಂಡರು.

ಕೂಗು ನಿಂತಿತಲ್ಲ ಎಂದು ಮಕ್ಕಳು ತಿರುಗಿ ನೋಡಿದರು. ಕೊಟ್ರೇಶಿ ಮೇಷ್ಟ್ರು ಕೆನ್ನೆ ಉಬ್ಬಿಸಿಕೊಂಡು ಕೂತಿದ್ದಾರೆ. ಬಿದ್ದು ಬಿದ್ದು ನಕ್ಕರು. ನಗು ಮುಗಿಯುವಷ್ಟರಲ್ಲಿ ಜಗಳವೂ ಮುಗಿದಿತ್ತು.

ಶಿಬಿರದುದ್ದಕ್ಕೂ ತುಟಿ ಪಿಟಕ್ಕೆನ್ನದಿದ್ದ ಹುಲಿಗೆಮ್ಮ ಎಂಬ ಹುಡುಗಿ ತನ್ನ ಹುಟ್ಟನ್ನು ಕಾಲ ಬಳಿ ಇಟ್ಟಳು. "ನಾನು ಹಾಕಲ್ಲ. ಆ ದಡದ ಕಡೆ ಕೂತಿರೋ ಇಬ್ಬರೇ ಹಾಕ್ರಿ," ಎಂದಳು.

ಉಳಿದವರೂ ಮುಖ ಮುಖ ನೋಡಿಕೊಂಡು ಒಬ್ಬೊಬ್ಬರಾಗಿ ಕೆಳಗಿಟ್ಟರು. ಹರಿಗೋಲು ಇನ್ನೊಂದು ಸುತ್ತು ಸುತ್ತಿ, ನೆಟ್ಟಗಾಗಿ, ಮೆಲ್ಲಗೆ ಹೋಗಿ ಮೇಡಂ ಎದುರಿಗೇ ನಿಂತಿತು.

ಮುಂದಿನ ಬೇಸಿಗೆಗೆ ಹತ್ತನೇ ಕ್ಲಾಸಿನವರನ್ನೂ ಕಳಿಸುತ್ತೇನೆ ಎಂದು ಮೇಡಂ ಅಲ್ಲಿಂದಲೇ ಕೂಗಿ ಹೇಳಿದರು. ಕೊಟ್ರೇಶಿಗೆ ಖುಷಿಯಿಂದ ಕಣ್ಣು ತುಂಬಿತು. ಉಳಿದ ಬೆಲ್ಲ ನುಂಗಿದ.

"ಏನು ಕಲಿಸಿದೆನೋ ನನಗೇ ಗೊತ್ತಾಗಲಿಲ್ಲ, ಅಜ್ಜಾರೆ."

ಅಷ್ಟರಲ್ಲಿ ಹುಲಿಗೆಮ್ಮ ಮತ್ತು ಆ ಇಬ್ಬರು ಹರಿಗೋಲನ್ನು ವಾಪಸ್ ತಂದು, ಹತ್ತಿರಿ ಎಂದು ಇವರನ್ನು ಕರೆದರು. ಕೊಟ್ರೇಶಿ ಹತ್ತಿದ್ದೇ ತಡ, ಕೆಳಗಿದ್ದ ಒಂದು ಹುಟ್ಟಿಗೆ ಕೈ ಹಾಕಿದ.

"ಕೂತ್ಕೊ ತಮ್ಮಾ," ಎಂದರು ಅಜ್ಜ. "ಮಕ್ಕಳು ಕರ್ಕೊಂಡು ಹೋಗ್ತಾರೆ."