ಎರಡು ಹಿತ್ತಾಳೆ ಜೆಟ್‌ಗಳು

ಚೆನ್ನವೀರನೆಂಬ ಶಿಷ್ಯ ಗುರುಗಳನ್ನು ಕೇಳಿದ: “ಗುರುಗಳೇ, ಮೊದಲು ನಾನಿದ್ದ ಮಠದಲ್ಲಿ ಒಪ್ಪೊತ್ತು ಉಂಡು ಸಾಧನೆ ಮಾಡು ಎಂದರು. ಮೈ ಸೋತುಹೋಯಿತು. ಇನ್ನೊಂದು ಮಠದಲ್ಲಿ ಹೊಟ್ಟೆ ತುಂಬ ಉಂಡು ದುಡಿ ಎಂದರು. ಮನಸ್ಸು ಜಡವಾಯಿತು. ಯಾರ ಮಾತು ಸರಿ?”

ಗುರುಗಳು ಒಂದು ಕತೆ ಹೇಳಿದರು.

ಬೆಟ್ಟದ ಬುಡದ ಊರಿನಲ್ಲಿ ಒಬ್ಬ ಚಾಲಕನಿದ್ದ. ಅವನದು ಹಳೆಯ ಕಾರು. ಊರಿನಲ್ಲಿ ಯಾರಿಗೆ ಏನಾದರೂ ಅವನೇ ಆಸ್ಪತ್ರೆಗೆ ಮುಟ್ಟಿಸಬೇಕು. ಕಾರು ಪೆಟ್ರೋಲ್ ಬಹಳ ಕುಡಿಯುತ್ತದೆಂದು ಅವನು ಒಬ್ಬ ಮೆಕ್ಯಾನಿಕ್‌ನ ಬಳಿ ಹೇಳಿಕೊಂಡ. ಮೆಕ್ಯಾನಿಕ್ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲ್ ಹಾಯುವ ಹಿತ್ತಾಳೆಯ ಸವೆದ ಜೆಟ್ ತೆಗೆದೆಸೆದು, ಅದಕ್ಕಿಂತ ಸಣ್ಣ ತೂತಿನದನ್ನು ಹಾಕಿದ. ಗಾಳಿ ಹೆಚ್ಚಾಯಿತು, ಪೆಟ್ರೋಲ್ ಕಡಿಮೆಯಾಯಿತು. ಅಷ್ಟೇ ಪೆಟ್ರೋಲಿನಲ್ಲಿ ಕಾರು ಇನ್ನಷ್ಟು ದೂರ ಓಡಿತು. ಚಾಲಕ ಸಂತೋಷಪಟ್ಟ.

ಒಂದು ದಿನ ಹೆರಿಗೆ ನೋವು ಬಂದ ಹೆಂಗಸನ್ನು ಬೆಟ್ಟದ ಮೇಲಿನ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಏರಿನಲ್ಲಿ ಎಂಜಿನ್ ಕಾದು, ಮುಗ್ಗರಿಸಿ, ನಿಂತಿತು. ಮಗು ರಸ್ತೆಯ ಬದಿಯಲ್ಲೇ ಹುಟ್ಟಿತು. ತಾಯಿ, ಮಗು ಇಬ್ಬರೂ ಉಳಿದರು. ಆದರೆ ಚಾಲಕನಿಗೆ ಆ ಮನೆಯವರ ಮುಖ ನೋಡಲಾಗಲಿಲ್ಲ.

ಅವನು ಇನ್ನೊಬ್ಬ ಮೆಕ್ಯಾನಿಕ್‌ನಿಂದ ದೊಡ್ಡ ತೂತಿನ ಜೆಟ್ ಹಾಕಿಸಿದ. ಈಗ ಕಾರು ಏರನ್ನು ಸಲೀಸಾಗಿ ಹತ್ತಿತು. ತಿಂಗಳಾದ ಮೇಲೆ, ಆಲೆಮನೆಯ ಗಾಣಕ್ಕೆ ಕೈ ಸಿಕ್ಕಿದ ಒಬ್ಬನನ್ನು ಬಯಲಿನ ದೂರದ ಪೇಟೆಯ ದೊಡ್ಡಾಸ್ಪತ್ರೆಗೆ ಒಯ್ಯಬೇಕಾಯಿತು. ಸಣ್ಣ ಜೆಟ್ ಇದ್ದಾಗ ಸಾಕಾಗುತ್ತಿದ್ದಷ್ಟೇ ಪೆಟ್ರೋಲ್ ಟ್ಯಾಂಕಿನಲ್ಲಿತ್ತು. ಪೇಟೆ ಇನ್ನೂ ಮೂರು ಹರದಾರಿ ಇರುವಾಗಲೇ ಅದು ಮುಗಿಯಿತು. ಒಂದು ಹಾಲಿನ ವ್ಯಾನು ಸಿಕ್ಕುವ ಹೊತ್ತಿಗೆ ತಡವಾಗಿತ್ತು. ಆ ಮನುಷ್ಯ ಬದುಕಿದ, ಕೈ ಉಳಿಯಲಿಲ್ಲ.

ಚಾಲಕನಿಗೆ ದಿಕ್ಕು ತೋಚಲಿಲ್ಲ. ತನಗೆ ಮೋಸ ಮಾಡಿದವನು ಮೊದಲನೆಯವನೋ ಎರಡನೆಯವನೋ ತಿಳಿಯಲಿಲ್ಲ. ಕೆಲಸ ಬಿಟ್ಟು ಮನೆಯಲ್ಲಿದ್ದ ಒಬ್ಬ ಮುದುಕ ಮೆಕ್ಯಾನಿಕ್‌ನ ಹತ್ತಿರ ಹೋಗಿ, ನಡೆದದ್ದನ್ನೆಲ್ಲ ಹೇಳಿ, ಎರಡು ಜೆಟ್‌ಗಳನ್ನೂ ಮುಂದಿಟ್ಟ. ಮುದುಕ ಅವನ್ನು ಬೆಳಕಿಗೆ ಹಿಡಿದು ನೋಡಿ, ಇಬ್ಬರೂ ಒಳ್ಳೆಯ ಕೆಲಸಗಾರರೇ ಎಂದ. ಗಾಳಿಗೆ ಪೆಟ್ರೋಲ್ ತುಸು ಕಡಿಮೆ ಬೆರೆತರೆ ಕಾರು ದೂರ ಹೋಗುತ್ತದೆ, ತುಸು ಹೆಚ್ಚು ಬೆರೆತರೆ ಭಾರ ಎಳೆಯುತ್ತದೆ ಎಂದು ತಿಳಿಸಿದ.

“ಎರಡನ್ನೂ ಕೊಡುವ ಜೆಟ್ ಇಲ್ಲವೇ, ಯಜಮಾನರೇ?” ಎಂದು ಚಾಲಕ ಕೇಳಿದ.

“ನಲವತ್ತು ವರ್ಷ ಹುಡುಕಿದೆನಪ್ಪ. ನನಗೆ ಸಿಗಲಿಲ್ಲ.”

ಚಾಲಕ ಎರಡನ್ನೂ ಜೇಬಿಗೆ ಹಾಕಿಕೊಂಡು ಬಂದ. ಅಂದಿನಿಂದ ಹೋಗಬೇಕಾದ ದಾರಿ ನೋಡಿ ಒಂದು ದಿನ ಅದನ್ನು, ಒಂದು ದಿನ ಇದನ್ನು ಹಾಕಿದ. ಎಷ್ಟೋ ಸಲ ತಪ್ಪಿದ, ಬಿಚ್ಚಿ ಮತ್ತೆ ಹಾಕಿದ. ಬಾಗಿಲಿಗೆ ಬಂದವರನ್ನು ಮಾತ್ರ ಹಿಂದಕ್ಕೆ ಕಳಿಸಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚೆನ್ನವೀರನ ಗೊಂದಲ ಹೆಚ್ಚೇ ಆಯಿತು. ಹಾಗಾದರೆ ತಾನು ಒಪ್ಪೊತ್ತು ಉಣ್ಣಬೇಕೋ ಹೊಟ್ಟೆ ತುಂಬ ಉಣ್ಣಬೇಕೋ ಎಂದು ಮತ್ತೆ ಕೇಳಿದ.

ಗುರುಗಳೆಂದರು: “ನೀನು ಎಲ್ಲಿಗೆ ಹೊರಟವನು ಎಂಬುದನ್ನು ಇನ್ನೂ ಹೇಳಲೇ ಇಲ್ಲವಲ್ಲ.”